ಮೇಲಿನ ಕೋಣೆಯ ಸಿಗ್ನಲ್

ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಮೊದಲ ಸಲ ಮುಖಾಮುಖಿಯಾದಾಗ ನಡುವೆ ಒಬ್ಬರು ಇರಲೇಬೇಕು. ಹುಡುಗನಿಗೆ ಕೆಲಸ ಕಾಯಂ ಆಗಿದೆಯೇ, ಹುಡುಗಿಗೆ ಅಡುಗೆ ಬರುತ್ತದೆಯೇ, ಮನೆ ಸ್ವಂತದ್ದೇ ಎಂದು ಅವರವರೇ ನೇರವಾಗಿ ಕೇಳಿಕೊಂಡರೆ ಅದು ಜಗಳ. ಅದೇ ಮಾತನ್ನು ನಡುವಿನವರು ನಗುನಗುತ್ತ ಕೇಳಿದರೆ ಅದು ಸಂಪ್ರದಾಯ. ಶೆಟ್ಟಿಹಳ್ಳಿಯ ‘ಸರ್ವಮಂಗಳ ವಧೂವರ ಕೇಂದ್ರ’ದಲ್ಲಿ ನಗುವ ಕೆಲಸ ಅನುಪಮಾಳದು. ಈಗೆಲ್ಲ ಮೊದಲ ಭೇಟಿ ವಿಡಿಯೋದಲ್ಲೇ ಆಗುವುದರಿಂದ ಅವಳು ಮಹಡಿಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ನಗುತ್ತಿದ್ದಳು.

ಆ ಸೋಮವಾರ ತಿಪಟೂರಿನ ಹುಡುಗನ ಮನೆಯವರು ಒಂದು ಚೌಕದಲ್ಲಿ, ಕೊರಟಗೆರೆಯ ಹುಡುಗಿಯ ಮನೆಯವರು ಇನ್ನೊಂದು ಚೌಕದಲ್ಲಿ ಕೂತಿದ್ದರು. ಅನುಪಮಾ ‘ಎಲ್ರಿಗೂ ನಮಸ್ಕಾರ, ಕೇಳಿಸ್ತಿದೆಯಾ?’ ಎಂದಳು. ಹಾಗೆಂದವಳು ಬಾಯಿ ತೆರೆದಂತೆಯೇ ನಿಂತುಬಿಟ್ಟಳು. ಆಮೇಲೆ ಪರದೆಯಿಂದಲೇ ಮಾಯವಾದಳು. ಎರಡು ಕುಟುಂಬಗಳೂ ಒಬ್ಬರ ಮುಖ ಒಬ್ಬರು ನೋಡುತ್ತ ಉಳಿದವು. ಕೊನೆಗೆ ಹುಡುಗನ ಸೋದರಮಾವ ಗಂಟಲು ಸರಿಮಾಡಿಕೊಂಡು, ‘ಫೋಟೋದಲ್ಲಿ ಹುಡುಗಿ ಬೆಳ್ಳಗಿದ್ಲು. ನಿಮ್ಮನೇಲಿ ಲೈಟ್ ಕಮ್ಮಿನಾ?’ ಎಂದು ಕೇಳಿದ. ಹುಡುಗಿಯ ತಾಯಿ ಲ್ಯಾಪ್‌ಟಾಪ್ ಮುಚ್ಚಿದಳು. ಸಂಬಂಧ ಅಲ್ಲಿಗೆ ಮುಗಿಯಿತು.

ಕೆಳಗೆ ಹಿಂದಿನ ಕೋಣೆಯಲ್ಲಿ ಕೂತಿದ್ದ ರೂಪಶ್ರೀಗೆ ಇದು ಗೊತ್ತಾದದ್ದು ಹುಡುಗಿಯ ಅಪ್ಪ ಫೋನ್ ಮಾಡಿ ಬೈದ ಮೇಲೆ. ಅನುಪಮಾ ಮೆಟ್ಟಿಲು ಇಳಿದು ಬಂದು ಬಾಗಿಲಲ್ಲಿ ನಿಂತು, ‘ಅತ್ತಿಗೆ, ನೆಟ್ ಹೋಗ್ಬಿಡ್ತು,’ ಎಂದಳು.

ರೂಪಶ್ರೀ ತನ್ನ ಕಂಪ್ಯೂಟರ್ ಕಡೆ ತಿರುಗಿದಳು. ಜಾತಕಗಳು ಪಟಪಟನೆ ತೆರೆದುಕೊಳ್ಳುತ್ತಿದ್ದವು. ಪರೀಕ್ಷೆಗೆಂದು ಒಂದು ಅಡುಗೆ ವಿಡಿಯೋ ಹಾಕಿದಳು. ಒಗ್ಗರಣೆಯ ಸಾಸಿವೆ ಸಹ ನಿಲ್ಲದೆ ಸಿಡಿಯಿತು.

‘ನಂದು ಓಡ್ತಾ ಇದೆಯಲ್ಲ?’ ಎಂದಳು.

‘ನಂಗೆ ಬರ್ತಿಲ್ಲ ಅತ್ತಿಗೆ. ವೈಫೈ ಹೆಸ್ರೇ ತೋರಿಸ್ತಿಲ್ಲ.’

‘ಮನೆಗೆ ಬರೋದು ಒಂದೇ ನೆಟ್ ಕಣೇ. ನಂಗಿರೋದು ನಿಂಗೆ ಹೆಂಗೆ ಇರಲ್ಲ?’

‘ನಂಗೂ ಗೊತ್ತಾಗ್ತಿಲ್ಲ ಅತ್ತಿಗೆ,’ ಎಂದಳು ಅನುಪಮಾ. ರೂಪಶ್ರೀಗೆ ಅಷ್ಟೇ ಸಾಕಾಯಿತು.

ರೂಪಶ್ರೀಯ ಅನುಮಾನ ಇವತ್ತು ನಿನ್ನೆಯದಲ್ಲ. ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ ಎಂದು ತಿಳಿಯುವವಳು. ನಗದಿದ್ದರೆ ಹೆಚ್ಚು ಬಿದ್ದಿದೆ ಎಂದು ತಿಳಿಯುವವಳು. ಹಾಗೆಂದು ಅವಳನ್ನು ಸುಮ್ಮನೆ ಆಡಿಕೊಳ್ಳುವಂತೆಯೂ ಇಲ್ಲ. ಮದುವೆ ಮಾಡಿಸುವವರಿಗೆ ಇದು ಬಂಡವಾಳ. ಊರೆಲ್ಲ ಹೊಗಳುತ್ತಿದ್ದ ಒಬ್ಬ ಲೆಕ್ಚರರ್ ಹುಡುಗನಿಗೆ ಆಗಲೇ ಒಂದು ಮದುವೆಯಾಗಿತ್ತೆಂದು ಪತ್ತೆ ಹಚ್ಚಿದ್ದು ಇದೇ ಮೂಗು. ಆ ಹುಡುಗಿಯ ಮನೆಯವರು ಈಗಲೂ ರೂಪಶ್ರೀಯನ್ನು ಕಂಡರೆ ಕೈಮುಗಿಯುತ್ತಾರೆ. ಆದ್ದರಿಂದ ತನ್ನ ಅನುಮಾನ ಎಂದೂ ತಪ್ಪುವುದಿಲ್ಲ ಎಂಬ ವಿಷಯದಲ್ಲಿ ಮಾತ್ರ ಅವಳಿಗೆ ಅನುಮಾನವಿರಲಿಲ್ಲ.

ಮನೆಯಲ್ಲಿದ್ದವರು ನಾಲ್ಕೇ ಜನ. ರೂಪಶ್ರೀ, ಹಿರೇಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿರುವ ಅವಳ ಗಂಡ ಚನ್ನೇಶ್, ಅವನ ತಂದೆ ಚನ್ನಬಸವಯ್ಯ, ಮತ್ತು ಗಂಡನನ್ನು ಬಿಟ್ಟು ಬಂದಿದ್ದ ಅವನ ತಂಗಿ ಅನುಪಮಾ. ಕುಣಿಗಲ್‌ನ ಆ ಗಂಡನ ಮನೆಯಿಂದ ಅವಳು ಬಂದಾಗ ಕೈಯಲ್ಲಿದ್ದದ್ದು ಒಂದು ಬ್ಯಾಗು, ಇಲ್ಲದೇ ಇದ್ದದ್ದು ಕೆಲಸ. ತೀರಿಕೊಂಡ ಅತ್ತೆಯ ಹೆಸರಿನಲ್ಲಿ ರೂಪಶ್ರೀ ನಡೆಸುತ್ತಿದ್ದ ಕೇಂದ್ರದಲ್ಲಿ ಅವಳೂ ಕೈಜೋಡಿಸಿದಳು. ಜನರೊಂದಿಗೆ ಮಾತಾಡುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಮಾತಾಡುತ್ತ ಮಾತಾಡುತ್ತ ಅವಳೇ ಮೊದಲಿನಂತಾದಳು. ಕೇಂದ್ರ ಅವಳಿಗೆ ಸಂಪಾದನೆಯಷ್ಟೇ ಅಲ್ಲ, ತವರಿನಲ್ಲಿ ತಲೆಯೆತ್ತಿ ಊಟ ಮಾಡುವುದಕ್ಕೆ ಇದ್ದ ಒಂದೇ ದಾರಿ.

ನೆಟ್‌ವರ್ಕ್ ಜೋಡಿಸಿದವನು ಚನ್ನೇಶ್. ಒಂದು ಭಾನುವಾರ ಪೂರ್ತಿ ಡ್ರಿಲ್ಲಿಂಗ್ ಮೆಶೀನ್ ಹಿಡಿದು ಓಡಾಡಿ ಮನೆಯೆಲ್ಲ ಸಿಮೆಂಟ್ ಪುಡಿ ಮಾಡಿದ್ದ. ಹೊರಗಿನಿಂದ ಬರುವ ಫೈಬರ್ ಹಾಲ್‌ನ ಕಿಟಕಿಯ ಹತ್ತಿರ ಮೋಡೆಮ್‌ಗೆ ಸೇರುತ್ತಿತ್ತು. ಅಲ್ಲಿಂದ ಒಂದು ವೈರು ಗೋಡೆಯ ಬುಡದಲ್ಲೇ ಹೋಗಿ ಹಿಂದಿನ ಕೋಣೆಯಲ್ಲಿ ರೂಪಶ್ರೀಯ ಕಂಪ್ಯೂಟರಿಗೆ ಚುಚ್ಚಿಕೊಳ್ಳುತ್ತಿತ್ತು. ಇನ್ನೊಂದು ವೈರು ಪೂಜೆಯ ಕೋಣೆಗೆ ಹೋಗುತ್ತಿತ್ತು. ಆ ಕೋಣೆಯ ನೆತ್ತಿಯ ಮೇಲೇ ಮಹಡಿಯ ಕೋಣೆ ಇದ್ದದ್ದರಿಂದ ಅಲ್ಲಿನ ಹಲಗೆಯ ಮೇಲೆ ವೈಫೈ ಡಬ್ಬಿ ಇಡುವುದೇ ಸರಿ ಎಂದು ಅವನು ಲೆಕ್ಕ ಹಾಕಿದ್ದ. ಎರಡೆರಡು ವೈಫೈ ಇದ್ದರೆ ಗೊಂದಲವೆಂದು ಮೋಡೆಮ್‌ನದನ್ನು ಆರಿಸಿಯೂ ಇದ್ದ.

‘ಅಪ್ಪಾಜಿ, ಡಬ್ಬಿ ಇಲ್ಲಿಟ್ರೆ ನಿಮ್ಗೇನಾದ್ರೂ ತೊಂದ್ರೆನಾ?’ ಎಂದು ಕೇಳಿದ್ದ.

‘ಇಡು ಬುಡು, ಜಾಗ ಏನ್ ತಿಂತದಾ ಅದು?’ ಎಂದಿದ್ದರು ಚನ್ನಬಸವಯ್ಯ. ಚೇಳೂರಿನ ಕಡೆ ಹುಟ್ಟಿ, ಗುಬ್ಬಿಯಲ್ಲಿ ಬಟ್ಟೆ ಅಂಗಡಿ ನಡೆಸಿ, ಈಗ ಮಗನ ಮನೆಯಲ್ಲಿದ್ದ ಅವರು ಯಾವುದಕ್ಕೂ ಬೇಡ ಎನ್ನುವವರಲ್ಲ.

‘ಯಾವತ್ತೂ ಆಫ್ ಮಾಡ್ಬೇಡಿ ಮತ್ತೆ,’ ಎಂದು ರೂಪಶ್ರೀ ಎಚ್ಚರಿಸಿದ್ದಳು. ಅದಕ್ಕೂ ಅವರು ತಲೆಯಾಡಿಸಿದ್ದರು.

ಮೊದಲು ಕೆಲವು ವಾರ ಎಲ್ಲ ಚೆನ್ನಾಗಿಯೇ ನಡೆಯಿತು. ಆಮೇಲೆ ಬಂತು ಈ ಕಾಟ. ತಿಪಟೂರಿನ ಸಂಬಂಧ ಮುರಿದ ವಾರವೇ ಇನ್ನೊಂದು ಮಾತುಕತೆಯ ನಡುವೆಯೂ ಅನುಪಮಾ ಮಾಯವಾದಳು. ಮುಂದಿನ ವಾರ ಮತ್ತೊಂದರಲ್ಲಿ. ಬೆಳಗಿನ ಹೊತ್ತು ಹೋಗುತ್ತದೆ, ಮಧ್ಯಾಹ್ನ ಇರುತ್ತದೆ. ಅದೂ ಎಲ್ಲ ದಿನ ಒಂದೇ ಹೊತ್ತಿಗಲ್ಲ. ಅಪರೂಪಕ್ಕೆ ಬೆಳಗಿನ ಮಾತುಕತೆಯೂ ಪೂರ್ತಿ ನಡೆಯುತ್ತಿತ್ತು. ರಾಹುಕಾಲ ನೋಡಿ ಕೂರುವ ಜನ ಬೇರೆ. ಅವರು ಕೊಟ್ಟ ಹೊತ್ತಿಗೇ ಕೂರಬೇಕು.

ರೂಪಶ್ರೀ ಗಂಡನಿಗೆ ಹೇಳಿದಳು. ಭಾನುವಾರ ಊಟವಾದ ಮೇಲೆ ಅವನು ಮೇಲೆ ಕೆಳಗೆ ಓಡಾಡಿ, ಫೋನು ಹಿಡಿದು ಮೂಲೆಮೂಲೆಗೂ ನಿಂತು ನೋಡಿದ. ಎಲ್ಲ ಕಡೆ ಸಿಗ್ನಲ್ ತುಂಬಿ ತುಳುಕುತ್ತಿತ್ತು.

‘ವೈರ್ ಸರಿ ಇದೆ, ಡಬ್ಬಿ ಸರಿ ಇದೆ. ಇನ್ ಸರಿ ಇಲ್ದೇ ಇರೋದು ನೀವಿಬ್ರೇ,’ ಎಂದು ನಕ್ಕು ಮಲಗಿದ.

ಅವನು ತಮಾಷೆಗೆ ಅಂದದ್ದು. ರೂಪಶ್ರೀ ಅದರಲ್ಲಿ ಅರ್ಧವನ್ನು ಮಾತ್ರ ಕೇಳಿಸಿಕೊಂಡಳು.

ಅಲ್ಲಿಂದ ಅವಳ ಕಿವಿ ಮೆಟ್ಟಿಲಿನ ಕಡೆಗೇ ಇರತೊಡಗಿತು. ಅನುಪಮಾ ಬಾಗಿಲು ಹಾಕಿಕೊಳ್ಳುತ್ತಾಳೆ, ಯಾಕೆ? ಕುಣಿಗಲ್‌ನಿಂದ ಗಂಡ ಆಗಾಗ ಫೋನ್ ಮಾಡತೊಡಗಿದ್ದಾನೆ, ಇವಳು ಎತ್ತುವುದಿಲ್ಲ ಅನ್ನುತ್ತಾಳೆ. ಎತ್ತುವುದಿಲ್ಲವೆಂದು ನೋಡಿದವರು ಯಾರು? ನೆಟ್ ಹೋಗುತ್ತದೆ ಅನ್ನುತ್ತಾಳೆ, ಹೋದದ್ದನ್ನು ಕಂಡವರು ಅವಳೊಬ್ಬಳೇ. ಒಂದು ಸಲ ರೂಪಶ್ರೀ ಚಪ್ಪಲಿ ಬಿಟ್ಟು ಮೇಲೆ ಹತ್ತಿ ಬಾಗಿಲಿಗೆ ಕಿವಿಯಿಟ್ಟಳು. ಒಳಗೆ ಅನುಪಮಾ ಫೋನಿನಲ್ಲಿ, ‘ಬೇಜಾರ್ ಮಾಡ್ಕೋಬೇಡಿ, ಅತ್ತಿಗೆಗೆ ನಾನು ಹೇಳ್ತೀನಿ,’ ಎನ್ನುತ್ತಿದ್ದಳು. ನೆಟ್ ಹೋದದ್ದಕ್ಕೆ ಅವಳು ಒಬ್ಬ ಹುಡುಗಿಯ ತಾಯಿಯ ಕ್ಷಮೆ ಕೇಳುತ್ತಿದ್ದಳು. ರೂಪಶ್ರೀ ಮೆಟ್ಟಿಲಿಳಿಯುವಷ್ಟರಲ್ಲಿ ಅದು ಬೇರೆ ಯಾರದೋ ಜೊತೆಗಿನ ಗುಟ್ಟಿನ ಮಾತಾಗಿತ್ತು.

ಒಂದು ದಿನ ಅನುಪಮಾ, ‘ಅತ್ತಿಗೆ, ಮೇಲಕ್ಕೂ ಒಂದು ವೈರ್ ಎಳೆಸ್ಬಿಡೋಣ. ನಿಮ್ ಥರ ನಂಗೂ ನೆಮ್ಮದಿ,’ ಎಂದಳು. ಎಂಥ ಒಳ್ಳೆಯ ಮಾತು! ಆಗಲಿ ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ರೂಪಶ್ರೀಗೆ ಕೇಳಿಸಿದ್ದೇ ಬೇರೆ. ಓಹೋ, ಇವಳಿಗೆ ತನ್ನದೇ ವೈರ್ ಬೇಕು, ನಾಳೆ ತನ್ನದೇ ಕೇಂದ್ರ ಬೇಕು, ನಾಡಿದ್ದು ನನ್ನ ಜನರೆಲ್ಲ ಅವಳ ಜನ.

‘ನೋಡೋಣ,’ ಎಂದಳು. ಆ ನೋಡೋಣದ ಅರ್ಥ ಅವಳ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಆದರೆ ನಿಜವಾದ ವಿಷ ಬೇರೆಯೇ ಇತ್ತು. ಮುರಿದುಹೋದ ಸಂಬಂಧಗಳನ್ನು ಒಂದೊಂದಾಗಿ ನೆನೆಯುತ್ತ ಕೂತಿದ್ದಾಗ ರೂಪಶ್ರೀಗೆ ಅದು ಹೊಳೆಯಿತು. ಮಧ್ಯಾಹ್ನದ ಮಾತುಕತೆಗೆ ತಾನೂ ಮೇಲೆ ಹೋಗಿ ಪಕ್ಕದಲ್ಲಿ ಕೂರುತ್ತಿದ್ದಳು. ಬೆಳಿಗ್ಗೆ ಫೋನುಗಳ ಗಲಾಟೆಯಲ್ಲಿ ಆಗುತ್ತಿರಲಿಲ್ಲ. ತಾನಿದ್ದಾಗ ನೆಟ್ ಹೋಗುವುದಿಲ್ಲ. ತಾನಿಲ್ಲದಾಗ ಹೋಗುತ್ತದೆ. ಬೇರೆ ಸಾಕ್ಷಿ ಏಕೆ? ತನ್ನ ಮದುವೆ ಮುರಿದವಳಿಗೆ ಬೇರೆಯವರದು ಕೂಡಿಬರುವುದನ್ನು ನೋಡಲಾಗುತ್ತಿಲ್ಲ. ಇಷ್ಟು ಯೋಚಿಸಿ ಅವಳಿಗೆ ಒಂದು ಥರ ಸಮಾಧಾನವೂ ಆಯಿತು. ಅನುಮಾನದವರಿಗೆ ಉತ್ತರ ಸಿಕ್ಕರೆ ಸಾಕು, ಅದು ಎಷ್ಟು ಕೆಟ್ಟದ್ದಾದರೂ ಸರಿ.

ಅದು ಹೊರಗೆ ಬಂದದ್ದು ರಾತ್ರಿಯ ಊಟದಲ್ಲಿ. ಅನುಪಮಾ ಅಪ್ಪನ ತಟ್ಟೆಯ ಮುದ್ದೆಗೆ ಸಾರು ಬಡಿಸುತ್ತ, ಬೆಳಿಗ್ಗೆ ಮತ್ತೆ ನೆಟ್ ಹೋಗಿ ತೊಂದರೆಯಾಯಿತೆಂದು ಅಣ್ಣನಿಗೆ ಹೇಳುತ್ತಿದ್ದಳು.

‘ಹೋಗಿದ್ದಾ, ಕಳ್ಸಿದ್ದಾ?’ ಎಂದಳು ರೂಪಶ್ರೀ.

‘ಏನತ್ತಿಗೆ?’

‘ನಾನ್ ಪಕ್ಕ ಕೂತಾಗ ಒಂದ್ ಸಲನೂ ಹೋಗಲ್ವಲ್ಲ ಅನು? ನಿಂದು ಹಾಳಾಯ್ತು ಅಂತ ಊರೋರ್ ಮಕ್ಳದ್ದೂ ಹಾಳಾಗ್ಬೇಕಾ?’

ಚನ್ನೇಶ್ ‘ರೂಪಾ!’ ಎಂದ. ಚನ್ನಬಸವಯ್ಯ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. ‘ಉಣ್ಣೋ ಹೊತ್ನಲ್ಲಿ ಇಂಥ ಮಾತ್ ಯಾಕ್ರವ್ವಾ,’ ಎಂದು ಇಬ್ಬರನ್ನೂ ನೋಡಿದರು. ನೆಟ್ಟು, ವೈಫೈ ಎಂದರೆ ಅವರಿಗೆ ಅದೊಂದು ಮನೆಯೊಳಗಿನ ಗಾಳಿ. ಹೆಣ್ಣುಮಕ್ಕಳ ಜಗಳದಲ್ಲಿ ಅದರ ಪಾಲು ಏನೆಂದು ಅವರಿಗೆ ತಿಳಿಯಲಿಲ್ಲ.

ಅನುಪಮಾ ಸೌಟನ್ನು ಪಾತ್ರೆಯಲ್ಲಿ ಇಟ್ಟಳು. ಅಳಲಿಲ್ಲ. ‘ಕುಣಿಗಲಲ್ಲೂ ಇದೇ ಕೇಳ್ತಿದ್ರು ಅತ್ತಿಗೆ. ಬಾಗ್ಲು ಯಾಕೆ ಹಾಕ್ಕೊಂಡೆ, ಯಾರ್ ಜೊತೆ ಮಾತು, ಕರೆಂಟ್ ಹೋಗಿದ್ರೆ ಫೋನ್ ಹೆಂಗೆ ಚಾರ್ಜ್ ಆಯ್ತು ಅಂತ. ಆವಾಗ ಅಂಥ ಅನುಮಾನದ ಪಿಶಾಚಿ ಜೊತೆ ಬಾಳ್ಬೇಡ, ಬಾ ಅಂತ ಕಾರ್ ಮಾಡ್ಕೊಂಡ್ ಬಂದು ಕರ್ಕೊಂಡ್ ಬಂದಿದ್ದು ನೀವೇ.’

ಮಾರನೆಯ ಬೆಳಿಗ್ಗೆ ಅವಳು ಗುಬ್ಬಿಯ ಬಸ್ಸು ಹತ್ತಿದಳು. ಅಲ್ಲಿ ಚಿಕ್ಕಮ್ಮ ಶಾಂತಲಾ ಇದ್ದಳು. ಚನ್ನೇಶ್ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಎಷ್ಟು ಹೇಳಿದರೂ ಕೇಳಲಿಲ್ಲ. ಹೋದವಳ ಮೇಲೆ ರೂಪಶ್ರೀಗೆ ಇನ್ನಷ್ಟು ಅನುಮಾನ. ತಪ್ಪು ಮಾಡದವರು ಯಾಕೆ ಓಡಿಹೋಗುತ್ತಾರೆ?

ಆ ವಾರವೇ ಶಿರಾದ ಒಬ್ಬ ಇಂಜಿನಿಯರ್ ಹುಡುಗನ ಮಾತುಕತೆ ಬೆಳಗಿನ ಹೊತ್ತಿಗೆ ಗೊತ್ತಾಗಿತ್ತು. ಹಿಂದಿನ ಕೋಣೆಯಲ್ಲಿ ಬೆನ್ನ ಹಿಂದೆ ಅಕ್ಕಿ ಮೂಟೆ, ಪಕ್ಕದಲ್ಲಿ ಕುಕ್ಕರಿನ ಕೂಗು. ಅಲ್ಲಿ ಕೂತು ಮದುವೆಯ ಮಾತಾಡಲಾಗದು. ರೂಪಶ್ರೀ ರೇಷ್ಮೆ ಸೀರೆಯುಟ್ಟು, ಮಹಡಿಯ ಕೋಣೆಗೆ ಹೋಗಿ ಅನುಪಮಾ ಬಿಟ್ಟುಹೋಗಿದ್ದ ಲ್ಯಾಪ್‌ಟಾಪ್ ಮುಂದೆ ಕೂತಳು. ಇವತ್ತು ನೆಟ್ ಹೋಗುವುದಿಲ್ಲ, ಅದು ಹೋಗದೇ ಇರುವುದನ್ನು ಗಂಡನಿಗೆ ತೋರಿಸಬೇಕು ಎಂಬ ಹುರುಪು ಬೇರೆ.

ಎರಡೂ ಮನೆಯವರು ಬಂದು ಕೂತರು. ನಮಸ್ಕಾರವಾಯಿತು. ಹುಡುಗನ ಅಜ್ಜಿ ಏನೋ ಕೇಳಲು ಬಾಯಿ ತೆರೆದಳು. ತೆರೆದ ಬಾಯಿ ತೆರೆದೇ ಇತ್ತು. ಪರದೆಯ ನಡುವೆ ಒಂದು ಚಕ್ರ ತಿರುಗತೊಡಗಿತು. ರೂಪಶ್ರೀ ವೈಫೈ ಹೆಸರು ಹುಡುಕಿದಳು. ಅಕ್ಕಪಕ್ಕದ ಮನೆಗಳ ಹೆಸರುಗಳೆಲ್ಲ ಇದ್ದವು, ತಮ್ಮ ಮನೆಯದು ಇರಲಿಲ್ಲ.

ಆಗಲೂ ಅವಳ ಮನಸ್ಸಿಗೆ ಮೊದಲು ಬಂದದ್ದು, ಹೋಗುವಾಗ ಅನು ಏನಾದರೂ ಮಾಡಿಟ್ಟು ಹೋದಳೇ ಎಂದೇ. ಸೀರೆಯ ನೆರಿಗೆ ಎತ್ತಿಹಿಡಿದು ದಡದಡನೆ ಇಳಿದಳು. ಮೋಡೆಮ್ ನೋಡಿದಳು, ಎಲ್ಲ ದೀಪಗಳೂ ಉರಿಯುತ್ತಿದ್ದವು. ಇನ್ನು ಡಬ್ಬಿ. ಪೂಜೆಯ ಕೋಣೆಯ ಬಾಗಿಲು ಮುಂದಕ್ಕೆ ಹಾಕಿತ್ತು. ಮಾವ ಲಿಂಗಪೂಜೆಗೆ ಕೂತಾಗ ಆ ಬಾಗಿಲು ತೆಗೆಯುವುದಿರಲಿ, ಅದರ ಹೊರಗೆ ಯಾರೂ ಜೋರಾಗಿ ಮಾತಾಡುವುದೂ ಇಲ್ಲ. ಅತ್ತೆ ಇದ್ದ ಕಾಲದಿಂದಲೂ ಅದು ಆ ಮನೆಯ ರೂಢಿ. ರೂಪಶ್ರೀ ಬಾಗಿಲನ್ನು ಮೆಲ್ಲಗೆ ನೂಕಿದಳು.

ಚನ್ನಬಸವಯ್ಯ ಬರಿಮೈಗೆ ವಿಭೂತಿ ಧರಿಸಿ ಕೂತಿದ್ದರು. ಎಡಗೈ ಎದೆಯ ಮಟ್ಟಕ್ಕೆ ಬಂದಿತ್ತು. ಅಂಗೈಯಲ್ಲಿ ಇಷ್ಟಲಿಂಗ, ಮೇಲೊಂದು ಪತ್ರೆ. ಕಣ್ಣು ಅದರ ಮೇಲೆ ನೆಟ್ಟಿತ್ತು, ರೆಪ್ಪೆ ಮಿಸುಕುತ್ತಿರಲಿಲ್ಲ. ಹಿಂದಿನ ಹಲಗೆಯ ಮೇಲೆ ವೈಫೈ ಡಬ್ಬಿ ಕಾಣಲಿಲ್ಲ. ಅದರ ಜಾಗದಲ್ಲಿ ದೊಡ್ಡ ಹಿತ್ತಾಳೆಯ ಕೊಳಗವೊಂದು ಬೋರಲು ಬಿದ್ದಿತ್ತು. ಅದರ ಅಂಚಿನಿಂದ ಒಂದು ವೈರು ಹೊರಗೆ ಬಂದಿತ್ತು.

ರೂಪಶ್ರೀ ಪೂಜೆ ಮುಗಿಯಲೆಂದು ಹೊಸ್ತಿಲಿನ ಆಚೆಯೇ ಕೂತಳು. ಮೇಲೆ ಶಿರಾದವರು ಏನಾದರೆಂದು ಅವಳಿಗೆ ನೆನಪೂ ಬರಲಿಲ್ಲ.

ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಗೆ ಸೇರಿಸಿ ಕೊರಳಿಗೆ ಹಾಕಿಕೊಂಡ ಮೇಲೆ ಚನ್ನಬಸವಯ್ಯ ಎದ್ದು ಕೊಳಗವನ್ನು ಎತ್ತಿ, ಪಂಚೆಯ ತುದಿಯಿಂದ ಒರೆಸಿ, ಮೂಲೆಯಲ್ಲಿ ಇಟ್ಟರು. ತಿರುಗಿದಾಗ ಸೊಸೆಯನ್ನು ಕಂಡರು.

‘ಏನವ್ವಾ, ಇಲ್ ಕುಂತಿದೀಯ?’

‘ಮಾವ, ಅದನ್ನ ಯಾಕೆ ಮುಚ್ತೀರಿ?’

‘ಆಫ್ ಮಾಡ್ಬೇಡಿ ಅಂದಿದ್ಯಲ್ಲ, ನಾನ್ ಆಫ್ ಮಾಡಿಲ್ಲ ಕಣವ್ವಾ. ಮುಚ್ಚಿದೀನಿ ಅಷ್ಟೆ,’ ಎಂದರು ಅವರು, ಹೇಳಿದ ಮಾತು ಪಾಲಿಸಿದವರ ನೆಮ್ಮದಿಯಲ್ಲಿ. ‘ಅದ್ರಲ್ಲಿ ಹಸ್ರು ಲೈಟು ಪಕಪಕ ಅಂತದೆ. ಲಿಂಗಯ್ಯ ಕಪ್ಪು, ಕನ್ನಡಿ ಇದ್ದಂಗೆ. ದೃಷ್ಟಿ ಇಟ್ರೆ ಸಾಕು, ಅದ್ರೊಳಗೆ ಈ ಲೈಟೇ ಕುಣೀತದೆ. ಕಣ್ ಮುಚ್ಚಿ ಪೂಜೆ ಆಯ್ತದಾ? ಮೊದ್ಲು ಟವಲ್ ಹಾಕ್ತಿದ್ದೆ, ಡಬ್ಬಿ ಬಿಸಿ ಆಯ್ತು. ಸುಟ್ಟೋದ್ರೆ ನಿಮ್ ಕೆಲ್ಸಕ್ಕೆ ತೊಂದ್ರೆ ಅಂತ ಆಮೇಲೆ ಕೊಳಗ ತಂದೆ. ಗಾಳಿ ಆಡ್ಲಿ ಅಂತ ಕೆಳಗೆ ಕಡ್ಡಿ ಇಡ್ತೀನಿ.’

‘ಪೂಜೆ ಮೊದ್ಲು ಬೆಳಗ್ಗೆ ಬೆಳಗ್ಗೇನೇ ಮಾಡ್ತಿದ್ರಲ್ಲ ಮಾವ?’

‘ಇರೋದೊಂದ್ ಬಚ್ಚಲು. ಅವ್ನು ಫ್ಯಾಕ್ಟ್ರಿಗೆ ಹೋಗ್ಬೇಕು, ನೀವಿಬ್ರು ಆ ಟಿವೀಲಿ ಕೂರ್ಬೇಕು. ನಂಗೇನ್ ಅವಸ್ರ? ನಿಮ್ದೆಲ್ಲ ಆಗ್ಲಿ ಅಂತ ಕೊನೇಲಿ ಮೀಯ್ತೀನಿ.’

ಪೂಜೆಯಾಗದೆ ಒಂದು ಗುಟುಕು ಕಾಫಿಯನ್ನೂ ಮುಟ್ಟದ ಮನುಷ್ಯ. ಮನೆಯವರ ಸ್ನಾನ ಬೇಗ ಮುಗಿದ ದಿನ ಬೇಗ ಕೂರುತ್ತಿದ್ದರು, ತಡವಾದ ದಿನ ತಡವಾಗಿ. ನೆಟ್ ಹೋಗುವ ಹೊತ್ತು ಬದಲಾಗುತ್ತಿದ್ದದ್ದೂ ಅದಕ್ಕೇ. ರೂಪಶ್ರೀ ತಡೆತಡೆದು ಹೇಳಿದಳು: ವೈರು ತನ್ನ ಕಂಪ್ಯೂಟರಿಗೆ ಬೇರೆ ದಾರಿಯಲ್ಲಿ ಬರುತ್ತದೆ, ಮಹಡಿಗೆ ಹೋಗುವುದು ಈ ಡಬ್ಬಿಯಿಂದ ಗಾಳಿಯಲ್ಲಿ, ಹಿತ್ತಾಳೆ ಮುಚ್ಚಿದರೆ ಅದು ಹೊರಗೆ ಬರುವುದಿಲ್ಲ.

ಚನ್ನಬಸವಯ್ಯ ಕೇಳಿಸಿಕೊಂಡರು.

‘ಅಂದ್ರೆ ನನ್ ಮಗೀಗೆ ನೀನ್ ಅಂದಿದ್ದು ಇದಕ್ಕಾ?’ ಎಂದರು. ‘ನಾನ್ ಎದ್ರಿಗೇ ಕುಂತಿದ್ದೆನಲ್ಲವ್ವಾ. ಒಂದ್ ಮಾತು ನನ್ ಕೇಳ್ಬಾರ್ದಿತ್ತಾ? ಯಾರನ್ನೂ ಕೇಳ್ದೇ ನಿಂಗ್ ಹೆಂಗ್ ಗೊತ್ತಾಯ್ತು?’

ಅವತ್ತು ಅವರು ಪೂಜೆಯಾದ ಮೇಲೂ ಕಾಫಿ ಕುಡಿಯಲಿಲ್ಲ.

ರೂಪಶ್ರೀ ರೇಷ್ಮೆ ಸೀರೆಯನ್ನೂ ಬದಲಿಸದೆ ಗುಬ್ಬಿಗೆ ಹೊರಟಳು. ಅನುಪಮಾ ಚಿಕ್ಕಮ್ಮನ ಮನೆಯ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ಅತ್ತಿಗೆಯನ್ನು ಕಂಡು ಎದ್ದು ನಿಂತಳು. ರೂಪಶ್ರೀ ಕೂರದೆಯೇ, ಒಂದೇ ಉಸಿರಿನಲ್ಲಿ, ಡಬ್ಬಿ, ಹಸಿರು ದೀಪ, ಟವೆಲು, ಕೊಳಗ ಎಲ್ಲವನ್ನೂ ಹೇಳಿದಳು. ಕೊಳಗದ ಮಾತಿಗೆ ಅನುಪಮಾಗೆ ನಗು ತಡೆಯಲಾಗಲಿಲ್ಲ. ‘ಅಯ್ಯೋ ಅಪ್ಪಾಜಿ!’ ಎಂದು ಕಣ್ಣೊರೆಸಿಕೊಂಡು ನಕ್ಕಳು. ಆ ನಗು ಕಂಡು ರೂಪಶ್ರೀಗೆ ಜೀವ ಬಂದಂತಾಯಿತು.

‘ತಪ್ಪಾಯ್ತು ಕಣೇ ಅನು. ಬಾ, ಹೋಗೋಣ. ನಿಮ್ಮಣ್ಣಂಗೆ ಹೇಳಿದೀನಿ, ಇವತ್ತೇ ಮೇಲಕ್ಕೆ ವೈರ್ ಎಳೀತಾರೆ. ಶಿರಾದವ್ರ ಹತ್ರ ನೀನೇ ಮಾತಾಡ್ಬೇಕು, ನನ್ ಕೈಲಿ ಆಗಲ್ಲ.’

ಅನುಪಮಾಳ ನಗು ಮೆಲ್ಲಗೆ ನಿಂತಿತು. ‘ಕೊಳಗ ಸಿಕ್ತು, ಬಂದ್ರಿ,’ ಎಂದಳು. ‘ಸಿಗ್ದೇ ಇದ್ದಿದ್ರೆ?’

ಹಾಗಲ್ಲ, ಹೀಗಲ್ಲ ಎಂದು ಹೇಳಲು ರೂಪಶ್ರೀಗೆ ಮಾತುಗಳಿದ್ದವು. ವಧೂವರ ಕೇಂದ್ರದವಳಿಗೆ ಅಂಥ ಮಾತು ಬಾರದೇ ಇರುತ್ತದೆಯೇ? ಆದರೆ ಎದುರಿಗೆ ನಿಂತವಳ ಮುಖ ನೋಡಿ ಅವನ್ನೆಲ್ಲ ಬಿಟ್ಟಳು.

‘ಸಿಗ್ದೇ ಇದ್ದಿದ್ರೆ ಈಗ್ಲೂ ನೀನೇ ಅಂತಿದ್ದೆ,’ ಎಂದಳು.

ಅನುಪಮಾ ತಲೆಯಾಡಿಸಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

‘ನಿಜ ಹೇಳಿದ್ರಲ್ಲ ಅತ್ತಿಗೆ, ಅಷ್ಟು ಸಾಕು ನಂಗೆ. ಅದಕ್ಕೇ ನಾನು ಬರಲ್ಲ,’ ಎಂದಳು. ಆಮೇಲೆ ಒಳಗಿನಿಂದ ಕುರ್ಚಿ ತಂದು ಹಾಕಿ, ಸೆರಗಿನಿಂದ ಅದರ ಧೂಳು ಒರೆಸಿ, ಮನೆಗೆ ಬಂದ ನೆಂಟರಿಗೆ ಹೇಳುವಂತೆ, ‘ಕೂತ್ಕೊಳ್ಳಿ, ಕಾಫಿ ತರ್ತೀನಿ,’ ಎಂದು ಒಳಗೆ ಹೋದಳು.